ಸೊಪ್ಪಿನ ಸಮೇತ ಒಂದು ಕಟ್ಟು ಮೂಲಂಗಿ

ಮೂಲಂಗಿಯ ಮೇಲೆ ದೂರು ಹೇಳುವವರಲ್ಲಿ ಹೆಚ್ಚಿನವರು ತಿಂದಿರುವುದು ಮುದಿ ಮೂಲಂಗಿ. ಬೇಯುವಾಗ ಮನೆಯೆಲ್ಲ ವಾಸನೆ, ಹಸಿ ಕಚ್ಚಿದರೆ ಮೂಗಿಗೇರುವ ಘಾಟು, ಹಲ್ಲಿಗೆ ಸಿಕ್ಕುವ ನಾರು, ಕೊಯ್ದರೆ ಒಳಗೆ ಬೆಂಡು. ಈ ದೂರುಗಳಿಗೆಲ್ಲ ಬಹುಪಾಲು ಕಾರಣ ಗೆಡ್ಡೆಯ ವಯಸ್ಸು. 45 ದಿನಕ್ಕೆ ಕೀಳಬೇಕಾದ್ದನ್ನು ತೂಕ ಬರಲೆಂದು ಇನ್ನೆರಡು ವಾರ ಮಣ್ಣಿನಲ್ಲೇ ಬಿಟ್ಟು, ಕಿತ್ತ ಮೇಲೆ ಗೋಣಿಚೀಲದಲ್ಲಿ ಬಾಡಿಸಿ, ಕೊನೆಗೆ ಮನೆಯ ಫ್ರಿಜ್ಜಿನ ಮೂಲೆಯಲ್ಲಿ ಮರೆತರೆ ಯಾವ ತರಕಾರಿಯ ಮರ್ಯಾದೆಯೂ ಉಳಿಯುವುದಿಲ್ಲ.

ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಕಡೆಯವರು ಮಾತ್ರ ಈ ಮುದಿ ಮೂಲಂಗಿಗೆ ಒಗ್ಗಿಕೊಳ್ಳಬೇಕಾಗಿಲ್ಲ. ಕನಕಪುರ, ಹಾರೋಹಳ್ಳಿ, ಆನೇಕಲ್ ಕಡೆಯ ಹೊಲಗಳು ಇಲ್ಲಿಂದ ಗಂಟೆ ಎರಡು ಗಂಟೆಯ ದಾರಿ. ತೀರಾ ಹಿಂದೆ ಹೋಗುವುದೇ ಆದರೆ ಇದೇ ಊರಿನ ಕೆರೆಗಳ ಕೆಳಗಿನ ತೋಟಗಳಲ್ಲಿ ತಿಗಳರು ಸೊಪ್ಪು-ತರಕಾರಿ ಬೆಳೆದು ಪೇಟೆಗೆ ಹೊರುತ್ತಿದ್ದರು. 1948ರಲ್ಲಿ ಜಯನಗರ ಬಡಾವಣೆಯ ಕೆಲಸ ಶುರುವಾದ ಮೇಲೆ ಒಂದೊಂದೇ ತೋಟ ನಿವೇಶನವಾಯಿತು. ಹೊಲ ದೂರ ಸರಿದರೂ ಕೈಗೆಟುಕದಷ್ಟು ದೂರವೇನೂ ಹೋಗಿಲ್ಲ. ಅದಕ್ಕೇ ಕೊಳ್ಳುವ ಜಾಣ್ಮೆಯಿಂದಲೇ ಶುರು ಮಾಡೋಣ.

ಕೊಳ್ಳುವಾಗ

ಕನಕಪುರ ರಸ್ತೆಯ ಸಾರಕ್ಕಿ ಮಾರುಕಟ್ಟೆಗೆ ಬೆಳಗ್ಗೆ ಬೇಗ ಹೋದರೆ ಮಣ್ಣು ಇನ್ನೂ ಒಣಗಿರದ ಮೂಲಂಗಿ ಸಿಗುತ್ತದೆ. ಬಿಟಿಎಂನವರಿಗೆ ಮಡಿವಾಳ ಮಾರುಕಟ್ಟೆ ಹತ್ತಿರ. ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಗಳಲ್ಲಿ ಮತ್ತು ಗಾಂಧಿ ಬಜಾರಿನಲ್ಲಿ ಬೆಲೆ ಒಂದಿಷ್ಟು ಹೆಚ್ಚು, ಆದರೆ ಆರಿಸಿಕೊಳ್ಳಲು ಬಿಡುತ್ತಾರೆ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ ಆಮೇಲೆ ಎಲ್ಲ ಹಣ್ಣು-ತರಕಾರಿಗೂ ಚಾಚಿಕೊಂಡ ಹಾಪ್‌ಕಾಮ್ಸ್ ಮಳಿಗೆಗಳಲ್ಲಿ ತೂಕ, ದರ ಎರಡರಲ್ಲೂ ಚೌಕಾಸಿಯ ಗೋಜಿಲ್ಲ. ತಾಜಾತನ ಮಾತ್ರ ಅಲ್ಲಿಯೂ ಗಾಡಿ ಬಂದ ಹೊತ್ತಿನ ಮೇಲೆ ಹೋಗುತ್ತದೆ.

ಎಲ್ಲಿಯೇ ಕೊಂಡರೂ ಸೊಪ್ಪಿರುವ ಮೂಲಂಗಿಯನ್ನೇ ಕೇಳಿ. ಕಿತ್ತು ಎಷ್ಟು ಹೊತ್ತಾಯಿತೆಂಬುದನ್ನು ಮಾರುವವರು ಹೇಳದಿದ್ದರೂ ಸೊಪ್ಪು ಹೇಳುತ್ತದೆ. ನೆಟ್ಟಗೆ ನಿಂತ ಹಸಿರು ಸೊಪ್ಪಿದ್ದರೆ ಇವತ್ತಿನದು ಅಥವಾ ನಿನ್ನೆ ಸಂಜೆಯದು. ಜೋಲುಬಿದ್ದಿದ್ದರೆ ನಿನ್ನೆ ಬೆಳಗ್ಗಿನದು. ಸೊಪ್ಪನ್ನು ಪೂರ್ತಿ ಕತ್ತರಿಸಿ ಬರೀ ಗೆಡ್ಡೆ ಪೇರಿಸಿಟ್ಟಿದ್ದರೆ ದಿನಾಂಕ ಮುಚ್ಚಿಟ್ಟಂತೆಯೇ ಲೆಕ್ಕ. ಎಷ್ಟೋ ಕಡೆ ಗಿರಾಕಿಯೇ 'ಸೊಪ್ಪು ತೆಗೆದುಬಿಡಪ್ಪ' ಎಂದು ಮುರಿಸಿ, ಅದನ್ನು ದನಕ್ಕೆ ಬಿಟ್ಟು ಹೋಗುತ್ತಾರೆ. ಪೋಷಕಾಂಶದ ಲೆಕ್ಕದಲ್ಲಿ ಹೆಚ್ಚು ಬೆಲೆಯ ಭಾಗವನ್ನು ಬಿಟ್ಟು ಕಡಿಮೆ ಬೆಲೆಯ ಭಾಗವನ್ನು ಹೊತ್ತುಕೊಂಡು ಬರುವ ಬುದ್ಧಿವಂತಿಕೆ ಇದು. ಗೆಡ್ಡೆಯಲ್ಲಿ ಶೇ. 95ರಷ್ಟು ನೀರು. ಕ್ಯಾಲ್ಸಿಯಂ, ಕಬ್ಬಿಣ, ಎ ಜೀವಸತ್ವದ ಮೂಲವಸ್ತು, ಸಿ ಜೀವಸತ್ವ ಇವೆಲ್ಲ ಸೊಪ್ಪಿನಲ್ಲೇ ಹೆಚ್ಚು.

ಇನ್ನು ಗೆಡ್ಡೆ. ಅದರ ಬಾಲವನ್ನು ಬಗ್ಗಿಸಿ ನೋಡಿ: ಪಟ್ಟನೆ ಮುರಿದರೆ ಎಳೆಯದು, ರಬ್ಬರಿನಂತೆ ಬಾಗಿದರೆ ಬಾಡಿದ್ದು. ಕೈಯಲ್ಲಿ ಹಿಡಿದಾಗ ಗಾತ್ರಕ್ಕೆ ತಕ್ಕ ತೂಕವಿರಬೇಕು. ಹಗುರವಾಗಿದ್ದು ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು ಬಂದರೆ ಒಳಗೆ ಬೆಂಡು ಕೂತಿದೆ. ಕತ್ತಿನ ಭಾಗ, ಅಂದರೆ ಸೊಪ್ಪು ಹುಟ್ಟುವ ಜಾಗ, ಎಲ್ಲಕ್ಕಿಂತ ಮುಖ್ಯ. ಅಲ್ಲಿಂದ ದಪ್ಪನೆಯ ಒಂಟಿ ದಂಟು ಮೇಲೆದ್ದಿದ್ದರೆ ಗಿಡ ಹೂ ಬಿಡಲು ಹೊರಟಿದೆ. ಗೆಡ್ಡೆಯಲ್ಲಿ ಕೂಡಿಟ್ಟ ಸಿಹಿಯೆಲ್ಲ ಆ ದಂಟಿಗೆ ಹೋಗಿ ಉಳಿಯುವುದು ನಾರು. ಮೊಣಕೈ ಉದ್ದದ ದೈತ್ಯ ಮೂಲಂಗಿಯನ್ನು ಕಂಡು ಲಾಭವೆಂದುಕೊಳ್ಳಬೇಡಿ. ಗೇಣುದ್ದ, ಹೆಬ್ಬೆರಳಿಗಿಂತ ಕೊಂಚ ದಪ್ಪದ್ದು ಹುಳಿಗೂ ಸರಿ, ಕೋಸಂಬರಿಗೂ ಸರಿ.

ಕೊಳಚೆ ನೀರಿನ ವಿಷಯವನ್ನೂ ಹೇಳಿಬಿಡಬೇಕು. ವೃಷಭಾವತಿಯಂಥ ಹರಿವುಗಳ ನೀರು ಹಾಯಿಸಿ ಬೆಳೆದ ಸೊಪ್ಪು, ಗೆಡ್ಡೆಗಳಲ್ಲಿ ಭಾರಲೋಹಗಳು ಸೇರಿಕೊಳ್ಳುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ತೊಳೆದರೂ ಅವು ಹೋಗುವುದಿಲ್ಲ. ಕಾಯಂ ಕೊಳ್ಳುವ ಅಂಗಡಿಯವರನ್ನು ಯಾವ ಊರಿನ ಮಾಲು, ಯಾವ ನೀರು ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಮನೆಗೆ ತಂದ ಕೂಡಲೇ ಸೊಪ್ಪನ್ನೂ ಗೆಡ್ಡೆಯನ್ನೂ ಬೇರೆ ಮಾಡಿ. ಕಿತ್ತ ಮೇಲೂ ಸೊಪ್ಪು ಗೆಡ್ಡೆಯ ನೀರನ್ನು ಹೀರುತ್ತಲೇ ಇರುತ್ತದೆ. ಗೆಡ್ಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ವಾರ ತಡೆಯುತ್ತದೆ. ಸೊಪ್ಪನ್ನು ಅವತ್ತೋ ಮಾರನೆಯ ದಿನವೋ ಮುಗಿಸಿ.

ತಳಿಗಳ ಲೋಕ

ನಮ್ಮ ಮಾರುಕಟ್ಟೆಯಲ್ಲಿ ಕಾಣುವುದು ಹೆಚ್ಚಾಗಿ ಉದ್ದನೆಯ ಬಿಳಿ ಮೂಲಂಗಿ. ಅದರಲ್ಲಿ ಬಹುಪಾಲು ಖಾಸಗಿ ಕಂಪನಿಗಳ ಹೈಬ್ರಿಡ್. ನೋಡಲು ಒಂದೇ ಅಚ್ಚು, ರುಚಿಯೂ ಹೆಚ್ಚುಕಮ್ಮಿ ಒಂದೇ. ಅದರಾಚೆಗಿನ ಲೋಕ ದೊಡ್ಡದು.

ಬೆಂಗಳೂರಿನವರು ಮೊದಲು ತಿಳಿಯಬೇಕಾದ ಹೆಸರು 'ಅರ್ಕಾ ನಿಶಾಂತ್'. ಇದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ. 1967ರಲ್ಲಿ ಆರಂಭವಾದ ಈ ಸಂಸ್ಥೆಯ ತಳಿಗಳಿಗೆ ಅರ್ಕಾವತಿ ನದಿಯ ಹೆಸರಿನ ಮೊದಲ ತುಂಡು ಅಂಟಿಕೊಂಡಿರುತ್ತದೆ. ಅಮೃತಶಿಲೆಯ ಬಿಳುಪು, ಸುಮಾರು 25 ಸೆಂ.ಮೀ. ಉದ್ದ, ಗರಿಗರಿ ತಿರುಳು, ಹದವಾದ ಘಾಟು. 50-55 ದಿನಕ್ಕೆ ಕೀಳಬಹುದು. ಬೇಗ ಬೆಂಡಾಗದು, ಅಕಾಲದಲ್ಲಿ ಹೂದಂಟು ಎತ್ತದು, ಕವಲೊಡೆಯುವುದೂ ಕಡಿಮೆ. ನಮ್ಮ ತಾರಸಿಗಳಿಗೆ ಇದಕ್ಕಿಂತ ಹೊಂದುವ ಉದ್ದ ಮೂಲಂಗಿಯನ್ನು ನಾನು ಸೂಚಿಸಲಾರೆ.

ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯ 'ಪೂಸಾ' ತಳಿಗಳಲ್ಲಿ ನಮಗೆ ಕೆಲಸಕ್ಕೆ ಬರುವುದು 'ಪೂಸಾ ಚೇತ್ಕಿ'. ಸೆಕೆ ತಡೆಯುತ್ತದೆ, ಏಪ್ರಿಲ್‌ನಿಂದ ಆಗಸ್ಟ್‌ವರೆಗೂ ಬಿತ್ತಬಹುದು, 40-45 ದಿನಕ್ಕೆ ಮೂಲಂಗಿ ಸಿದ್ಧ. 'ಪೂಸಾ ಹಿಮಾನಿ' ಹೆಸರೇ ಹೇಳುವಂತೆ ಚಳಿಯದು, ಬೆಟ್ಟದ ಸೀಮೆಗೆ ಇರಲಿ. 'ಜಪಾನೀಸ್ ವೈಟ್' ಹಳೆಯ ನಂಬಿಕಸ್ತ, ಚಳಿಗಾಲಕ್ಕೆ ಸರಿ. ಅದೇ ಸಂಸ್ಥೆಯ 'ಪೂಸಾ ಜಾಮುನಿ'ಯ ತಿರುಳು ನೇರಳೆ, 'ಪೂಸಾ ಗುಲಾಬಿ'ಯ ತಿರುಳು ಗುಲಾಬಿ. ಬೀಜ ಸಿಕ್ಕರೆ ಮಕ್ಕಳಿರುವ ಮನೆಯವರು ಬಿಡಬೇಡಿ. ಊಟದ ಹೊತ್ತಿಗೆ ಬಣ್ಣ ಮಾಡುವ ಕೆಲಸವನ್ನು ಉಪದೇಶ ಮಾಡುವುದಿಲ್ಲ.

ಸೂಪರ್‌ಮಾರ್ಕೆಟ್ಟಿನಲ್ಲಿ ಪೊಟ್ಟಣ ಕಟ್ಟಿ ಮಾರುವ ಗೋಲಿಯಂಥ ಕೆಂಪು ಮೂಲಂಗಿ ಯುರೋಪಿನ ಬಗೆ. 25-30 ದಿನದ ಬೆಳೆ. ಕೆಂಪು ಇರುವುದು ಸಿಪ್ಪೆಯಲ್ಲಿ ಮಾತ್ರ, ಹೆರೆದರೆ ಕೊಟ್ಟ ಹಣವೂ ಸಿಪ್ಪೆಯೊಂದಿಗೆ ಹೋಯಿತು. ಇದನ್ನು ಹುಳಿಗೆ ಹಾಕುವುದು ದಂಡ, ಹಸಿಯಾಗಿಯೇ ತಿನ್ನಬೇಕು. 'ರ‍್ಯಾಪಿಡ್ ರೆಡ್ ವೈಟ್ ಟಿಪ್ಡ್', 'ಪೂಸಾ ಮೃದುಲಾ' ಈ ಗುಂಪಿನವು. ಗೆಡ್ಡೆಯ ಗೊಡವೆಯೇ ಇಲ್ಲದೆ ಕಾಯಿಗೆಂದೇ ಬೆಳೆಸುವ ಬಗೆಯೂ ಒಂದಿದೆ. ಉತ್ತರ ಭಾರತದವರು ಮೊಗ್ರಿ ಎನ್ನುತ್ತಾರೆ, ಬಾಲದಂತೆ ಇಳಿಬೀಳುವ ಎಳೆ ಕಾಯಿಗಳನ್ನು ಪಲ್ಯಕ್ಕೂ ಉಪ್ಪಿನಕಾಯಿಗೂ ಬಳಸುತ್ತಾರೆ. ಜಪಾನಿನ ಸಕುರಾಜಿಮಾ ದ್ವೀಪದ ಮೂಲಂಗಿಯದು ಬೇರೆಯೇ ಕಥೆ: 2003ರಲ್ಲಿ ಅಲ್ಲಿನ ಒಂದು ಗೆಡ್ಡೆ 31.1 ಕಿಲೋ ತೂಗಿ ಗಿನ್ನೆಸ್ ದಾಖಲೆ ಸೇರಿತ್ತು. ಕೌತುಕಕ್ಕೆ ಸರಿ, ಮೂವತ್ತು-ನಲವತ್ತರ ಸೈಟಿನ ತಾರಸಿಗಲ್ಲ.

ಹೈಬ್ರಿಡ್ ಬೀಜವೋ ನಾಟಿಯೋ ಎಂಬ ಜಗಳ ಈ ಊರಿನಲ್ಲಿ ಹಳೆಯದು. ಭಾರತದ ಹೈಬ್ರಿಡ್ ತರಕಾರಿ ಬೀಜೋದ್ಯಮ ತಳವೂರಿದ್ದೇ ಬೆಂಗಳೂರಿನಲ್ಲಿ. ಮನಮೋಹನ ಅತ್ತಾವರ ಅವರು 1965ರಲ್ಲಿ ಕಟ್ಟಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಬನಶಂಕರಿಯಿಂದ ಕೆಂಗೇರಿಗೆ ಹೋಗುವ ದಾರಿಯ ಚನ್ನಸಂದ್ರದಲ್ಲಿ ನೆಲೆ ಕಂಡಿತು. ಮೂಲಂಗಿಯ ಮಟ್ಟಿಗೆ ಮನೆಯವರು ತಿಳಿದಿರಬೇಕಾದ್ದು ಇಷ್ಟು: ಹೈಬ್ರಿಡ್ ಗಿಡದ ಬೀಜ ಎತ್ತಿಟ್ಟರೆ ಮುಂದಿನ ಬೆಳೆ ತಾಯಿಯಂತೆ ಬರುವುದಿಲ್ಲ. ಅರ್ಕಾ ನಿಶಾಂತ್‌ನಂಥ ತಳಿಯ ಬೀಜ ಎತ್ತಬಹುದು, ಆದರೆ ಮೂಲಂಗಿ ಜೇನ್ನೊಣಗಳಿಂದ ಪರಕೀಯ ಪರಾಗಸ್ಪರ್ಶ ಆಗುವ ಗಿಡ. ಪಕ್ಕದ ರಸ್ತೆಯ ತಾರಸಿಯಲ್ಲಿ ಬೇರೆ ತಳಿ ಹೂ ಬಿಟ್ಟಿದ್ದರೂ ಬೆರಕೆಯಾಗುತ್ತದೆ. ಬೀಜೋತ್ಪಾದಕರು ಎರಡು ತಳಿಗಳ ನಡುವೆ ಕಿಲೋಮೀಟರಿಗೂ ಹೆಚ್ಚು ಅಂತರ ಬಿಡುತ್ತಾರೆ. ಜಯನಗರದಲ್ಲಿ ಅದು ಆಗದ ಮಾತು. ಹತ್ತು ಗ್ರಾಂ ಪೊಟ್ಟಣದಲ್ಲಿ ಸುಮಾರು ಸಾವಿರ ಬೀಜ ಇರುವಾಗ ಕೊಂಡುಕೊಳ್ಳುವುದೇ ಸುಲಭ.

ತಾರಸಿಯ ಮೇಲೆ

ಬೆಂಗಳೂರಿನ ತಾರಸಿ ತೋಟಕ್ಕೆ ಒಂದು ಪರಂಪರೆಯೇ ಇದೆ. ಡಾ. ಬಿ.ಎನ್. ವಿಶ್ವನಾಥ್ ಅವರಂಥವರು ಕಾರ್ಯಾಗಾರಗಳ ಮೂಲಕ ಕಲಿಸಿದ್ದನ್ನು 'ಊಟ ಫ್ರಮ್ ಯುವರ್ ತೋಟ' ಮೇಳಗಳು ಮನೆಮನೆಗೆ ಒಯ್ದವು. ಹೊಸಬರು ಸಾಮಾನ್ಯವಾಗಿ ಟೊಮೆಟೊದಿಂದ ಆರಂಭಿಸಿ ರೋಗ ಕಂಡು ಎದೆಗುಂದುತ್ತಾರೆ. ಮೂಲಂಗಿಯಿಂದ ಆರಂಭಿಸಿ ಎಂಬುದು ನನ್ನ ಸಲಹೆ. ನಾಲ್ಕಾರು ದಿನಕ್ಕೆ ಮೊಳಕೆ, ಒಂದೂವರೆ ತಿಂಗಳಿಗೆ ಊಟದ ತಟ್ಟೆ. ಬೇರೆ ಯಾವ ಗೆಡ್ಡೆಯೂ ಇಷ್ಟು ಬೇಗ ಲೆಕ್ಕ ಒಪ್ಪಿಸುವುದಿಲ್ಲ.

ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಈ ಊರಿನ ಹವೆ ಮೂಲಂಗಿಗೆ ವರ್ಷದ ಬಹುಕಾಲ ಸಹ್ಯ. ಆದರೂ ರುಚಿ, ಗಾತ್ರ ಎರಡೂ ಕೂಡಿಬರುವುದು ತಂಪಿನಲ್ಲಿ. ದಸರಾ ಮುಗಿದ ಮೇಲೆ ಬಿತ್ತಿದರೆ ಬಸವನಗುಡಿಯ ಕಡಲೆಕಾಯಿ ಪರಿಷೆಯ ಹೊತ್ತಿಗೆ ಮೊದಲ ಕೊಯ್ಲು. ಅಲ್ಲಿಂದ ಜನವರಿ ಕೊನೆಯವರೆಗೆ ಹದಿನೈದು ದಿನಕ್ಕೊಮ್ಮೆ ಒಂದೊಂದು ಚೀಲ ಬಿತ್ತುತ್ತ ಹೋಗಿ, ಎಲ್ಲವನ್ನೂ ಒಂದೇ ದಿನ ಬಿತ್ತಿದರೆ ಎಲ್ಲವೂ ಒಂದೇ ವಾರ ಮುದಿಯಾಗುತ್ತವೆ. ಫೆಬ್ರವರಿ ಕಳೆದ ಮೇಲೆ ಬಿಸಿಲೇರುತ್ತದೆ, ಗಿಡಕ್ಕೆ ಹೂವಿನ ಆತುರ ಹತ್ತುತ್ತದೆ. ಆಗ ಚೇತ್ಕಿ ಬಿತ್ತಿ, ಇಲ್ಲವೇ ಬರೀ ಸೊಪ್ಪಿಗೆಂದು ಒತ್ತಾಗಿ ಚೆಲ್ಲಿ 25 ದಿನಕ್ಕೆ ಕಿತ್ತುಬಿಡಿ.

ಉದ್ದ ಮೂಲಂಗಿಗೆ ಕನಿಷ್ಠ 30 ಸೆಂ.ಮೀ. ಆಳದ ಚೀಲ ಅಥವಾ ಕ್ರೇಟು ಬೇಕು. ಗುಂಡು ಕೆಂಪಿಗೆ 15 ಸೆಂ.ಮೀ. ಸಾಕು, ಬಾಲ್ಕನಿಯ ಕುಂಡದಲ್ಲೇ ಆದೀತು. ಮಣ್ಣಿನ ವಿಷಯದಲ್ಲಿ ಎಡವುವವರೇ ಹೆಚ್ಚು. ನಮ್ಮ ಕಡೆಯ ಕೆಮ್ಮಣ್ಣಿನಲ್ಲಿ ಹರಳು ಜಾಸ್ತಿ. ಕಟ್ಟಡ ಕಟ್ಟಿದ ಜಾಗದ ಮಣ್ಣಾದರೆ ಇಟ್ಟಿಗೆ ಚೂರು, ಸಿಮೆಂಟಿನ ಹೆಕ್ಕಳವೂ ಸೇರಿರುತ್ತದೆ. ಇಳಿಯುವ ಬೇರಿಗೆ ಕಲ್ಲು ಸಿಕ್ಕಿದರೆ ಗೆಡ್ಡೆ ಅಲ್ಲೇ ಎರಡು ಕಾಲಾಗಿ ಸೀಳುತ್ತದೆ. ಹಸಿ ಗೊಬ್ಬರ ಹಾಕಿದರೂ ಅದೇ ಗತಿ. ಜರಡಿ ಹಿಡಿದ ಕೆಮ್ಮಣ್ಣು ಅರ್ಧ, ಪೂರ್ತಿ ಕಳಿತ ಕಾಂಪೋಸ್ಟ್ ಕಾಲು, ತೊಳೆದ ತೆಂಗಿನ ನಾರಿನ ಪುಡಿ ಕಾಲು ಪಾಲು ಬೆರೆಸಿ. ತಾರಸಿಯ ಮೇಲಿನ ಭಾರವೂ ಇದರಿಂದ ಇಳಿಯುತ್ತದೆ. ಹಳೆಯ ಮನೆಯಾದರೆ ಚೀಲಗಳನ್ನು ನಡುವೆ ರಾಶಿ ಹಾಕದೆ ಗೋಡೆ, ತೊಲೆಗಳ ನೇರಕ್ಕೆ ಜೋಡಿಸಿ.

ಸಸಿ ಮಾಡಿ ನಾಟುವ ಉಸಾಬರಿ ಮೂಲಂಗಿಗೆ ಕೂಡದು. ಕಿತ್ತು ನೆಟ್ಟರೆ ಬೇರು ಡೊಂಕಾಗುತ್ತದೆ. ಬೀಜವನ್ನು ಬೆಳೆಯುವ ಜಾಗದಲ್ಲೇ, ಒಂದು ಸೆಂ.ಮೀ. ಆಳದಲ್ಲಿ ಊರಿ. ಎರಡೆಲೆ ದಾಟಿದ ಮೇಲೆ ಅಂತರ ಬಿಟ್ಟು ಉಳಿದವನ್ನು ಕಿತ್ತುಹಾಕಿ, ಉದ್ದ ಬಗೆಗೆ 8-10 ಸೆಂ.ಮೀ., ಗುಂಡಿಗೆ 4-5. ಇಲ್ಲಿಯೇ ಕೈ ನಡುಗುತ್ತದೆ, ಕಷ್ಟಪಟ್ಟು ಹುಟ್ಟಿಸಿದ ಸಸಿಯನ್ನು ಕೀಳುವುದೇ ಎಂದು. ಕೀಳದಿದ್ದರೆ ಯಾವುದಕ್ಕೂ ಗೆಡ್ಡೆ ಕೂಡುವುದಿಲ್ಲ. ಕಿತ್ತ ಸಸಿ ಕೋಸಂಬರಿಗೆ ಬೀಳಲಿ.

ದಿನಕ್ಕೆ ಐದಾರು ತಾಸು ನೇರ ಬಿಸಿಲು ಬೇಕು. ಜಯನಗರದ ಹಳೆಯ ಬೀದಿಮರಗಳ ನೆರಳಿಗೆ ನಾವೆಲ್ಲ ಋಣಿಗಳೇ, ಆದರೆ ಆ ನೆರಳಿನ ತಾರಸಿಯಲ್ಲಿ ಸೊಪ್ಪು ಹುಲುಸಾಗಿ ಗೆಡ್ಡೆ ಬೆರಳಷ್ಟೇ ಆಗುತ್ತದೆ. ಸಾರಜನಕದ ಗೊಬ್ಬರ ಹೆಚ್ಚಾದರೂ ಹಾಗೆಯೇ. ನೀರು ಮಿತವಾಗಿ, ಆದರೆ ತಪ್ಪದೆ. ಮೂರು ದಿನ ಮರೆತು ನಾಲ್ಕನೇ ದಿನ ಕೊಡದಲ್ಲಿ ಸುರಿದರೆ ಗೆಡ್ಡೆ ಸೀಳುತ್ತದೆ. ಬಾಯಾರಿದ ಮೂಲಂಗಿಯ ಘಾಟು ಹೆಚ್ಚು. ಉಪ್ಪಿನಂಶದ ಕೊಳವೆಬಾವಿ ನೀರೇ ಗತಿಯಾದರೆ ಮಳೆನೀರು ಹಿಡಿದಿಟ್ಟು ನಡುನಡುವೆ ಹಾಯಿಸಿ.

ಕೀಟಗಳಲ್ಲಿ ಸಸ್ಯಹೇನು ಮೊದಲನೆಯದು, ಎಲೆಯ ಕೆಳಗೆ ಗುಂಪಾಗಿ ಕೂರುತ್ತದೆ. ರಭಸದ ನೀರು ಹೊಡೆದು, ಆಮೇಲೂ ಉಳಿದರೆ ಬೇವಿನೆಣ್ಣೆಯ ದ್ರಾವಣ ಸಿಂಪಡಿಸಿ. ಎಲೆಯಲ್ಲಿ ತೂತು ಮಾಡುವ ಕಪ್ಪು ಹುಳುವನ್ನು ಬೆಳಗಿನ ತಂಪಿನಲ್ಲಿ ಕೈಯಿಂದಲೇ ಆರಿಸಬಹುದು. ನೆಲದ ತೋಟದವರಿಗೆ ಮಳೆಗಾಲದಲ್ಲಿ ಆಫ್ರಿಕನ್ ಬಸವನಹುಳುವಿನ ಕಾಟ. ರಾತ್ರಿ ಟಾರ್ಚ್ ಹಿಡಿದು, ಕೈಗವಸು ಹಾಕಿ ಹೆಕ್ಕದೆ ಬೇರೆ ದಾರಿಯಿಲ್ಲ.

ಎಷ್ಟು ಎಚ್ಚರವಿದ್ದರೂ ಒಂದೆರಡು ಗಿಡ ಹೂದಂಟು ಎತ್ತಿಯೇ ಎತ್ತುತ್ತವೆ. ಅವನ್ನು ಕೀಳಬೇಡಿ. ಬಿಳಿ-ತಿಳಿನೇರಳೆ ಹೂವಿಗೆ ಜೇನು ಬರುತ್ತದೆ, ಪಕ್ಕದ ಬದನೆ, ಸೌತೆಗೂ ಲಾಭ. ಹೂವಾದ ಮೇಲಿನ ಎಳೆಗಾಯಿಗಳನ್ನು ಒಗ್ಗರಣೆ ಹಾಕಿ ಬಾಡಿಸಿದರೆ ಮೊಗ್ರಿಯ ಆಸೆಯೂ ತೀರಿತು.

ಬಿಸಿಲೂ ಇಲ್ಲ, ತಾರಸಿಯೂ ಇಲ್ಲ ಎನ್ನುವ ಬಿಟಿಎಂನ ಬಾಡಿಗೆ ಕೋಣೆಯವರಿಗೆ ಮೈಕ್ರೋಗ್ರೀನ್ಸ್ ಇದೆ. ತಟ್ಟೆಯಲ್ಲಿ ಎರಡು ಬೆರಳು ನಾರಿನ ಪುಡಿ ಹಾಸಿ ಬೀಜ ಒತ್ತಾಗಿ ಹರಡಿ ನೀರು ಚಿಮುಕಿಸಿದರೆ ವಾರ-ಹತ್ತು ದಿನಕ್ಕೆ ಕತ್ತರಿಸುವಷ್ಟಾಗುತ್ತದೆ. ಒಂದು ಎಚ್ಚರಿಕೆ: ಗುಲಾಬಿ, ನೀಲಿ ಬಣ್ಣ ಬಳಿದ ಬೀಜ ಶಿಲೀಂಧ್ರನಾಶಕದಲ್ಲಿ ಅದ್ದಿದ್ದು. ಅದನ್ನು ಇದಕ್ಕೆ ಬಳಸಲೇಬಾರದು.

ಒಲೆಯ ಮೇಲೆ

ಮೂಲಂಗಿಯ ಘಾಟು ಹುಟ್ಟುವುದು ಕೊಯ್ದಾಗ. ಗಂಧಕವಿರುವ ಒಂದು ಸಂಯುಕ್ತವೂ ಅದನ್ನು ಒಡೆಯುವ ಕಿಣ್ವವೂ ಗೆಡ್ಡೆಯಲ್ಲಿ ಬೇರೆಬೇರೆ ಇರುತ್ತವೆ. ಚಾಕು ತಾಗಿ ಜೀವಕೋಶ ಒಡೆದಾಗ ಎರಡೂ ಕೂಡುತ್ತವೆ, ಸಾಸಿವೆಯಂಥ ಖಾರ ಏಳುತ್ತದೆ. ಸಿಪ್ಪೆಯ ಬಳಿ ಇದು ಹೆಚ್ಚು. ಬೆಂದಾಗ ಕಿಣ್ವ ಸಾಯುವುದರಿಂದ ಖಾರ ಇಳಿಯುತ್ತದೆ, ಗಂಧಕದ ವಾಸನೆ ಮಾತ್ರ ಆವಿಯಲ್ಲಿ ಹೊರಬರುತ್ತದೆ. ಇಷ್ಟು ತಿಳಿದರೆ ಅಡುಗೆಯ ಅರ್ಧ ಗುಟ್ಟು ತಿಳಿದಂತೆ. ಘಾಟು ಬೇಡವಾದವರು ಸಿಪ್ಪೆ ಹೆರೆಯಲಿ, ವಾಸನೆ ಬೇಡವಾದವರು ಮುಚ್ಚಳ ತೆರೆದು ಬೇಯಿಸಲಿ.

ಮೂಲಂಗಿ ಹುಳಿ ಕೆಡುವುದು ಕುಕ್ಕರಿನಲ್ಲಿ. ಬೇಳೆಯ ಜೊತೆಗೇ ಗೆಡ್ಡೆಯನ್ನೂ ಹಾಕಿ ಮೂರು ಸೀಟಿ ಕೂಗಿಸಿದರೆ ವಾಸನೆ ಒಳಗೇ ಸುತ್ತಿ, ಗೆಡ್ಡೆ ಮುದ್ದೆಯಾಗಿ ಕೂರುತ್ತದೆ. ನಾಲ್ಕು ಜನಕ್ಕೆ ನೂರು ಗ್ರಾಂ ತೊಗರಿಬೇಳೆಯನ್ನು ಬೇರೆ ಬೇಯಿಸಿಕೊಳ್ಳಿ. ಕಾಲು ಕಿಲೋ ಎಳೆ ಮೂಲಂಗಿಯನ್ನು ಬಿಲ್ಲೆ ಕತ್ತರಿಸಿ ಒಂದು ಚಮಚ ಎಣ್ಣೆಯಲ್ಲಿ ಅಂಚು ಪಾರದರ್ಶಕವಾಗುವವರೆಗೆ ಬಾಡಿಸಿ, ನೀರು-ಅರಿಶಿನ ಹಾಕಿ ತೆರೆದ ಪಾತ್ರೆಯಲ್ಲಿ ಬೇಯಿಸಿ. ಮೆತ್ತಗಾದ ಮೇಲಷ್ಟೇ ಹುಣಸೆರಸ ಹಾಕಬೇಕು, ಹುಳಿ ಮೊದಲೇ ಬಿದ್ದರೆ ತರಕಾರಿ ಬೇಯಲು ತಡ. ಆಮೇಲೆ ಬೇಳೆ, ಹುಳಿಪುಡಿ, ಒಂದು ಚೂರು ಬೆಲ್ಲ, ಇಂಗಿನ ಒಗ್ಗರಣೆ. ಚಳಿಗಾಲದಲ್ಲಿ ಸೊನೆ ಅವರೆಕಾಳು ಸಿಕ್ಕರೆ ಬೇಳೆಯ ಪಾಲು ಇಳಿಸಿ ಕಾಳು ಸೇರಿಸಿ. ಮೂಲಂಗಿಗೆ ಅವರೆಗಿಂತ ಒಳ್ಳೆಯ ಜೊತೆಗಾರ ಇಲ್ಲ.

ಹಸಿ ತಿನ್ನುವುದನ್ನು ಉತ್ತರ ಕರ್ನಾಟಕದವರಿಂದ ಕಲಿಯಬೇಕು. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು, ಪಕ್ಕದಲ್ಲಿ ಸೊಪ್ಪಿನ ಸಮೇತ ಹಸಿ ಮೂಲಂಗಿ. ನಮ್ಮ ಕಡೆಯ ಮೊಸರುಬಜ್ಜಿಯಲ್ಲಿ ತುರಿಗೆ ಉಪ್ಪು ಬೆರೆಸಿ ಹತ್ತು ನಿಮಿಷ ಬಿಟ್ಟು ಹಿಂಡಿ, ಬಡಿಸುವ ಮುಂಚೆ ಮೊಸರು ಹಾಕಿದರೆ ನೀರೊಡೆಯದು. ಸೊಪ್ಪಿನ ಮೇಲಿನ ಸಣ್ಣ ಮುಳ್ಳುಗೂದಲು ನೋಡಿ ಹೆದರಬೇಡಿ, ಬೆಂದರೆ ಅದು ಕಾಣೆ. ಹೆಸರುಬೇಳೆ, ಹಸಿಮೆಣಸು, ಕಾಯಿತುರಿ ಹಾಕಿದ ಸೊಪ್ಪಿನ ಪಲ್ಯ ರಾಗಿಮುದ್ದೆಗೂ ಹೊಂದುತ್ತದೆ. ಅಕ್ಕಿರೊಟ್ಟಿಯ ಹಿಟ್ಟಿಗೆ ತುರಿಯನ್ನೂ ಹೆಚ್ಚಿದ ಎಳೆ ಸೊಪ್ಪನ್ನೂ ಕಲಸುವಾಗ ನೀರು ಕಡಿಮೆ ಹಾಕಿ, ಮೂಲಂಗಿಯೇ ಬಿಟ್ಟುಕೊಡುತ್ತದೆ.

ಕೆಲವು ಮಡಿವಂತ ಮನೆಗಳಲ್ಲಿ ವ್ರತ, ಶ್ರಾದ್ಧದ ಅಡುಗೆಗೆ ಮೂಲಂಗಿ ಸೇರದು. ಹಾಗಿದ್ದೂ ಗಣಪತಿಯ ಕೆಲವು ಪ್ರಾಚೀನ ವಿಗ್ರಹಗಳ ಕೈಯಲ್ಲಿ ಮೂಲಂಗಿ ಗೆಡ್ಡೆಯೇ ಇದೆ. ಇದನ್ನು ಯಾರೊಂದಿಗಾದರೂ ವಾದಕ್ಕೆ ಬಳಸುವುದು ನಿಮಗೆ ಬಿಟ್ಟದ್ದು.

ಮದ್ದಿನ ಮಾತು

ಆಯುರ್ವೇದ ಎಳೆ ಮೂಲಂಗಿಯನ್ನು ಮೂರೂ ದೋಷಗಳಿಗೆ ಹಿತವೆಂದೂ ಬಲಿತದ್ದನ್ನು ಅಹಿತವೆಂದೂ ಬೇರೆ ಮಾಡಿ ಹೇಳುತ್ತದೆ. ಮೂಲಂಗಿ ತಿಂದ ಮೇಲೆ ಹಾಲು ಬೇಡ ಎಂಬುದು ಚರಕ ಸಂಹಿತೆಯ ವಿರುದ್ಧಾಹಾರದ ಪಟ್ಟಿಯಲ್ಲಿದೆ. ಆಧುನಿಕ ಲೆಕ್ಕದಲ್ಲಿ ನೂರು ಗ್ರಾಂ ಗೆಡ್ಡೆಗೆ 16 ಕ್ಯಾಲೊರಿ, ಸುಮಾರು 15 ಮಿಲಿಗ್ರಾಂ ಸಿ ಜೀವಸತ್ವ, ಒಂದಿಷ್ಟು ನಾರು. ಸಕ್ಕರೆ ಕಾಯಿಲೆಯವರಿಗೂ ತೂಕ ನೋಡಿಕೊಳ್ಳುವವರಿಗೂ ಅಡ್ಡಿಯಿಲ್ಲದ ತರಕಾರಿ. ಥೈರಾಯ್ಡ್ ತೊಂದರೆಯವರು ಹಸಿಯಾಗಿ ಮಿತಿಮೀರಿ ತಿನ್ನದೆ ಬೇಯಿಸಿ ತಿನ್ನುವುದು ಒಳ್ಳೆಯದು. ರಕ್ತ ತೆಳುವಾಗುವ ಮಾತ್ರೆ ನುಂಗುವವರು ಸೊಪ್ಪನ್ನು ದಿಢೀರನೆ ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಲಿ, ಹಸಿರು ಸೊಪ್ಪಿನ ಕೆ ಜೀವಸತ್ವ ಆ ಮಾತ್ರೆಗೆ ಎದುರಾಳಿ.

ಕಾಮಾಲೆಗೆ ಸೊಪ್ಪಿನ ರಸ, ಮೂತ್ರಕೋಶದ ಕಲ್ಲಿಗೆ ಗೆಡ್ಡೆಯ ರಸ, ಮೂಲವ್ಯಾಧಿಗೆ ಇನ್ನೊಂದು ಎಂದು ಹೇಳುವವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಪಥ್ಯದ ಊಟದಲ್ಲಿ ಮೂಲಂಗಿ ಇರಲಿ, ಬೇಡವೆನ್ನುವುದಿಲ್ಲ. ಕಣ್ಣು ಹಳದಿಯಾದರೆ ಮಾತ್ರ ರಸ ಹಿಂಡುತ್ತ ಕೂರದೆ ಅವತ್ತೇ ವೈದ್ಯರಲ್ಲಿಗೆ ಹೋಗಿ.